ಬಾವಿ ನೀರಿನ ‘ಇ. ಕೋಲಿ’ಗೂ ಎದೆಹಾಲಿಗೂ ಏನು ಸಂಬಂಧ?

ಮನೆಯ ಬಾವಿ ನೀರನ್ನು ಒಮ್ಮೆಯಾದರೂ ಪರೀಕ್ಷೆಗೆ ಕೊಟ್ಟವರಿಗೆ ಇ. ಕೋಲಿ ಎಂಬ ಹೆಸರು ಗೊತ್ತು. ವರದಿಯಲ್ಲಿ ಅದು ‘ಇದೆ’ ಎಂದು ಬಂದರೆ ನೀರಿಗೆ ಮಲ ಸೇರಿದೆ ಎಂದರ್ಥ, ಕುದಿಸದೆ ಕುಡಿಯುವ ಹಾಗಿಲ್ಲ. ಆದರೆ ಆ ‘ಇ’ ಒಬ್ಬ ಮಕ್ಕಳ ಡಾಕ್ಟರ ಹೆಸರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಅವರ ಕಥೆಯನ್ನು ಈಗ ಹೇಳುವುದಕ್ಕೆ ಕಾರಣವಿದೆ. ಮನೆಯಲ್ಲಿ ಹೆರಿಗೆಯಾದಾಗ ವಾಟ್ಸಾಪ್‌ನಲ್ಲೂ ನೆಂಟರ ಬಾಯಲ್ಲೂ ಎರಡು ಮಾತು ಬರುತ್ತವೆ. ಮೊದಲ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಿ ಎಂಬುದು ಒಂದು. ಬೇರೆ ತಾಯಿಯ ಹಾಲು ಕೊಟ್ಟರೆ ಮಗುವಿಗೆ ರೋಗ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಅರ್ಧ ಸತ್ಯ.

ಥಿಯೊಡೋರ್ ಎಶೆರಿಶ್ ಹುಟ್ಟಿದ್ದು 1857ರಲ್ಲಿ, ಜರ್ಮನಿಯ ಆನ್ಸ್‌ಬಾಖ್ ಊರಿನಲ್ಲಿ. ತಂದೆಯೂ ವೈದ್ಯರು. ಓದು ಮುಗಿಸಿ ಮ್ಯೂನಿಕ್‌ನ ಮಕ್ಕಳ ಆಸ್ಪತ್ರೆ ಸೇರಿದಾಗ, ಆ ಕಾಲದ ಎಲ್ಲ ಆಸ್ಪತ್ರೆಗಳ ಹಾಗೆ ಅಲ್ಲೂ ಭೇದಿಯಿಂದ ಹಸುಗೂಸುಗಳು ಸಾಯುತ್ತಿದ್ದವು. ರೋಗಾಣು ಎಂಬ ವಿಚಾರವೇ ಆಗ ಹೊಸದು. ಎಶೆರಿಶ್ ಸೂಕ್ಷ್ಮದರ್ಶಕದಡಿ ಇಟ್ಟದ್ದು ಶಿಶುಗಳ ಮಲವನ್ನು. ಕೇಳಲು ಹೇಸಿಗೆ ಅನಿಸಬಹುದು. ಆದರೆ ನಮ್ಮ ಅಜ್ಜಿಯಂದಿರೂ ಮಗುವಿನ ಬಟ್ಟೆ ನೋಡಿಯೇ ಹೊಟ್ಟೆಯ ಸ್ಥಿತಿ ಹೇಳುತ್ತಿದ್ದರಲ್ಲವೇ!

ಹುಟ್ಟಿದ ಮಗುವಿನ ಮೊದಲ ಕಪ್ಪು ಮಲದಲ್ಲಿ ಅವರಿಗೆ ಬ್ಯಾಕ್ಟೀರಿಯಾ ಕಾಣಲಿಲ್ಲ. ಒಂದು ದಿನ ಕಳೆಯುವುದರೊಳಗೆ ಅವು ಬಂದು ನೆಲೆಸುತ್ತಿದ್ದವು. ಮುಂದೆ ಅಲ್ಲಿ ಯಾವುವು ಬೆಳೆಯುತ್ತವೆ ಎಂಬುದು ಮಗು ಕುಡಿಯುವ ಹಾಲಿನ ಮೇಲೆ ನಿಂತಿತ್ತು. ಎದೆಹಾಲು ಕುಡಿದ ಮಗುವಿನ ಕರುಳೇ ಬೇರೆ, ಹಸುವಿನ ಹಾಲು ಕುಡಿದದ್ದರ ಕರುಳೇ ಬೇರೆ. ಈ ಹುಡುಕಾಟದಲ್ಲೇ 1885ರಲ್ಲಿ ಅವರು ಕೋಲಿ ಬ್ಯಾಕ್ಟೀರಿಯಾವನ್ನು ವಿವರಿಸಿದರು. ಅದರ ಹೆಚ್ಚಿನ ಬಗೆಗಳು ನಿಮ್ಮ, ನಮ್ಮ ಕರುಳಿನಲ್ಲಿ ತೊಂದರೆ ಕೊಡದೆ ಇವೆ. ಅದಕ್ಕೆ ಎಶೆರಿಶ್ ಹೆಸರು ಸೇರಿದ್ದು ಅವರು ತೀರಿಕೊಂಡ ಮೇಲೆ, 1919ರಲ್ಲಿ.

1890ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ಗೆ, 1902ರಲ್ಲಿ ವಿಯೆನ್ನಾಕ್ಕೆ ಹೋದರು. ಅಷ್ಟು ಹೊತ್ತಿಗೆ ಯುರೋಪಿನ ಹೆಸರಾಂತ ಮಕ್ಕಳ ವೈದ್ಯರು. ಸ್ವಂತ ಮನೆಯಲ್ಲಿ ಮಾತ್ರ ಹತ್ತು ವರ್ಷದ ಮಗ ಅಪೆಂಡಿಸೈಟಿಸ್‌ನಿಂದ ತೀರಿಕೊಂಡ.

ವಿಯೆನ್ನಾದಲ್ಲಿ 1903ರಲ್ಲಿ ಶಿಶುರಕ್ಷಣೆಗಾಗಿ ಒಂದು ಸಂಘ ಕಟ್ಟಿ, ತಾಯಂದಿರು ಎದೆಹಾಲನ್ನೇ ಕೊಡಬೇಕೆಂದು ಪ್ರಚಾರ ನಡೆಸಿದರು. ಆದರೆ ತಾಯಿಗೆ ಹಾಲು ಸಾಲದಿದ್ದರೆ? ಮಗುವಿಗೆ ಚೀಪುವ ಶಕ್ತಿಯೇ ಇಲ್ಲದಿದ್ದರೆ? 1909ರಲ್ಲಿ ಅಲ್ಲಿ ಜಗತ್ತಿನ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾಯಿತು. ಎರಡೇ ವರ್ಷಕ್ಕೆ, 53ನೇ ವಯಸ್ಸಿನಲ್ಲಿ ಎಶೆರಿಶ್ ತೀರಿಕೊಂಡರು.

ಆ ಯೋಚನೆ ಭಾರತಕ್ಕೆ ಬರಲು 80 ವರ್ಷ ಹಿಡಿಯಿತು. 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಹಾಲಿನ ಬ್ಯಾಂಕ್ ತೆರೆದರು. ನಮ್ಮ ಜಿಲ್ಲೆಯಲ್ಲಿ ಮಂಗಳೂರಿನ ಲೇಡಿಗೋಶನ್ ಸರ್ಕಾರಿ ಆಸ್ಪತ್ರೆಗೆ ಅದು ಬಂದದ್ದು 2022ರಲ್ಲಿ.

ಈಗ ಆ ಅರ್ಧ ಸತ್ಯಕ್ಕೆ ಬರೋಣ. ಪರೀಕ್ಷೆ ಮಾಡದ ಹಾಲಿನಿಂದ ಎಚ್‌ಐವಿಯಂಥ ಸೋಂಕು ದಾಟಬಹುದು ನಿಜ. ಅದಕ್ಕೇ ಪರಿಚಯದವರಿಂದ, ಗ್ರೂಪಿನಲ್ಲಿ ಕೇಳಿ ಹಾಲು ತರಿಸಬೇಡಿ. ಬ್ಯಾಂಕಿನಲ್ಲಿ ದಾನಿಯ ರಕ್ತಪರೀಕ್ಷೆ ಆಗುತ್ತದೆ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿ ಮಾಡುತ್ತಾರೆ, ಬ್ಯಾಕ್ಟೀರಿಯಾ ಇವೆಯೇ ಎಂದು ನೋಡಿದ ಮೇಲಷ್ಟೇ ಮಗುವಿಗೆ ಕೊಡುತ್ತಾರೆ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ಪುಡಿಹಾಲಿಗಿಂತ ಇದು ಒಳ್ಳೆಯದು. ಅವುಗಳ ಕರುಳು ಕೊಳೆಯುವ ಮಾರಕ ಕಾಯಿಲೆ ಇದರಿಂದ ಕಡಿಮೆಯಾಗುತ್ತದೆ.

ಆದರೂ ಬ್ಯಾಂಕಿನ ಹಾಲಿಗೆ ಎರಡನೇ ಜಾಗ. ಮೊದಲ ಜಾಗ ಹೆತ್ತ ತಾಯಿಯ ಹಾಲಿಗೇ, ಅದರಲ್ಲೂ ಆ ಹಳದಿ ಹಾಲಿಗೆ. ಸೋಂಕು ತಡೆಯುವ ಅಂಶಗಳು ಅದರಲ್ಲೇ ದಟ್ಟವಾಗಿವೆ. ಬಂಟ್ವಾಳ, ಬೆಳ್ತಂಗಡಿ ಅಥವಾ ಮೂಡುಬಿದಿರೆಯಲ್ಲಿ ಹೆರಿಗೆಯಾಗಿ, ತೂಕ ಕಡಿಮೆ ಎಂದು ಮಗುವನ್ನು ಮಂಗಳೂರಿಗೆ ಕಳಿಸಿದರೆ ತಾಯಿ ಇಲ್ಲಿ, ಮಗು ಅಲ್ಲಿ. ಆಗ ಮನೆಯವರು ಕಾಯುತ್ತಾ ಕೂರಬಾರದು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಾಲು ಹಿಂಡಲು ಶುರುಮಾಡಿ, ರಾತ್ರಿಯೂ ಸೇರಿ ಎರಡು ಮೂರು ಗಂಟೆಗೊಮ್ಮೆ ಹಿಂಡುತ್ತಿದ್ದರೆ ಹಾಲು ಬತ್ತುವುದಿಲ್ಲ. ಕೈಯಿಂದ ಹಿಂಡುವುದು ಹೇಗೆ, ಯಾವ ಪಾತ್ರೆಯಲ್ಲಿ ಎಷ್ಟು ತಣ್ಣಗೆ ಸಾಗಿಸಬೇಕು ಎಂಬುದನ್ನು ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ. ಮೊದಲ ದಿನ ಒಂದು ಚಮಚವೂ ತುಂಬದಿರಬಹುದು. ಆ ಪುಟ್ಟ ಹೊಟ್ಟೆಗೆ ಆ ದಿನ ಬೇಕಾಗುವುದು ಹನಿಗಳ ಲೆಕ್ಕದಲ್ಲೇ.