ಕರೆಗೆ ಓಗೊಡದ ಉಪಕರಣ ಮತ್ತು ಜಗದೀಶಚಂದ್ರ ಬೋಸ್

ಮಕ್ಕಳೇ, ರಿಮೋಟಿನ ಗುಂಡಿ ಒತ್ತಿದ ಕೂಡಲೇ ಓಡುವ ಆಟಿಕೆ ರೈಲನ್ನು ನೀವು ನೋಡಿರಬಹುದು. ತಂತಿ ಇಲ್ಲ, ದಾರ ಇಲ್ಲ. ಆದರೂ ದೂರದಲ್ಲಿರುವ ಎಂಜಿನ್ ನೀವು ಹೇಳಿದಂತೆ ಕೇಳುತ್ತದೆ. ಒಂದು ದಿನ ಮಾತ್ರ ಗುಂಡಿ ಎಷ್ಟು ಒತ್ತಿದರೂ ಅದು ಕದಲುವುದಿಲ್ಲ. ಆಗ ನೀವೇನು ಮಾಡುತ್ತೀರಿ? ಕೆಟ್ಟುಹೋಯಿತೆಂದು ಮೂಲೆಗೆ ಎಸೆಯುತ್ತೀರಾ? ಇಲ್ಲವೇ ಏಕೆ ಹೀಗಾಯಿತು ಎಂದು ಹುಡುಕುತ್ತೀರಾ? ನೂರು ವರ್ಷಗಳಿಗೂ ಹಿಂದೆ, ಕರೆಗೆ ಸರಿಯಾಗಿ ಓಗೊಡದ ಒಂದು ಉಪಕರಣದ ಮುಂದೆ ಕುಳಿತು ಏಕೆ ಎಂದು ಹುಡುಕಿದವರು ನಮ್ಮ ದೇಶದ ವಿಜ್ಞಾನಿ ಜಗದೀಶಚಂದ್ರ ಬೋಸ್. ಅವರ ಬದುಕಿನ ಕಥೆ ಕೇಳೋಣ.

ತಾಯ್ನುಡಿಯ ಶಾಲೆಯಲ್ಲಿ

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಪೂರ್ವ ಬಂಗಾಳದಲ್ಲಿ. ಆ ಪ್ರದೇಶ ಇಂದು ಬಾಂಗ್ಲಾದೇಶವಾಗಿದೆ. ನೀವು ವಳಕಮದಿನ್ನಿ, ಮಸ್ಕಿ ಕಡೆಯವರಾದರೆ ಸಿಂಧನೂರು ತಾಲ್ಲೂಕಿನ ಬಂಗಾಳಿ ಕ್ಯಾಂಪುಗಳ ಹೆಸರು ಕೇಳಿರುತ್ತೀರಿ. ಅಲ್ಲಿನ ಕುಟುಂಬಗಳ ಹಿರಿಯರು ಬಂದದ್ದೂ ಪೂರ್ವ ಬಂಗಾಳದಿಂದಲೇ.

ಬೋಸರ ತಂದೆ ಭಗವಾನ್ ಚಂದ್ರ ದೊಡ್ಡ ಸರ್ಕಾರಿ ಅಧಿಕಾರಿ. ಅಂಥವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ಆಗಿನ ರೂಢಿ. ಆದರೆ ಅವರು ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಮೀನುಗಾರನ ಮಗ, ತಂದೆಯ ಬಳಿ ಕೆಲಸಕ್ಕಿದ್ದವನ ಮಗ ಬಾಲಕ ಜಗದೀಶನ ಪಕ್ಕದಲ್ಲೇ ಕೂರುತ್ತಿದ್ದರು. ಅವರು ಹೇಳುತ್ತಿದ್ದ ಹಕ್ಕಿ, ಪ್ರಾಣಿ, ಜಲಚರಗಳ ಕಥೆಗಳನ್ನು ಅವನು ಮೈಮರೆತು ಕೇಳುತ್ತಿದ್ದ. ನಿಸರ್ಗದ ಬಗೆಗಿನ ಕುತೂಹಲ ಅವನಲ್ಲಿ ಮೊಳೆತದ್ದು ಅಲ್ಲಿಯೇ.

ಮುಂದೆ ಕಲ್ಕತ್ತದಲ್ಲಿ ಓದಿ ಬೋಸರು ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಕಲಿಯಲು ಆರೋಗ್ಯ ಅಡ್ಡಿಯಾಯಿತು. ಆಗ ಕೇಂಬ್ರಿಜ್ ಸೇರಿ ವಿಜ್ಞಾನ ಓದಿದರು. 1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು.

ಅಲ್ಲಿ ಅವರಿಗೊಂದು ಅನ್ಯಾಯ ಕಾದಿತ್ತು. ಅದೇ ಕೆಲಸ ಮಾಡುವ ಯುರೋಪಿನವರಿಗಿಂತ ಅವರಿಗೆ ಬಹಳ ಕಡಿಮೆ ಸಂಬಳ ಗೊತ್ತುಮಾಡಿದ್ದರು. ಬೋಸರು ಜಗಳವಾಡಲಿಲ್ಲ, ಪಾಠವನ್ನೂ ನಿಲ್ಲಿಸಲಿಲ್ಲ. ಮೂರು ವರ್ಷ ಸಂಬಳವನ್ನೇ ಮುಟ್ಟದೆ ಕಲಿಸಿದರು. ಕೊನೆಗೆ ಸರ್ಕಾರ ಬಾಕಿಯೂ ಸೇರಿದಂತೆ ಪೂರ್ಣ ಸಂಬಳ ಕೊಟ್ಟಿತು.

ಗೋಡೆ ದಾಟಿದ ಅಲೆಗಳು

ಬೆಳಕಿನಂತೆಯೇ ಚಲಿಸುವ, ಕಣ್ಣಿಗೆ ಕಾಣದ ವಿದ್ಯುತ್ಕಾಂತ ಅಲೆಗಳನ್ನು 1880ರ ದಶಕದಲ್ಲಿ ಜರ್ಮನಿಯ ಹರ್ಟ್ಸ್ ಉಂಟುಮಾಡಿ ತೋರಿಸಿದ್ದರು. 1894ರಲ್ಲಿ ಬೋಸರು ಇವುಗಳ ಬೆನ್ನು ಹತ್ತಿದರು. ಅವರ ಪ್ರಯೋಗಶಾಲೆ ಒಂದು ಪುಟ್ಟ ಕೋಣೆ. ಬೇಕಾದ ಉಪಕರಣಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ತಗಡಿನ ಕೆಲಸಗಾರನೊಬ್ಬನಿಗೆ ತರಬೇತಿ ಕೊಟ್ಟು ಅವರೇ ಅವನ್ನು ಮಾಡಿಸಿದರು. ಕೇವಲ 5 ಮಿಲಿಮೀಟರ್ ಉದ್ದದ ಅಲೆಗಳನ್ನು ಆ ಕೋಣೆಯಲ್ಲಿ ಪಡೆದರು.

1895ರಲ್ಲಿ ಕಲ್ಕತ್ತದ ಪುರಭವನದಲ್ಲಿ ಜನ ಬೆರಗಾಗುವ ಪ್ರದರ್ಶನ ನಡೆಯಿತು. ಬೋಸರು ಕಳಿಸಿದ ಅಲೆಗಳು ಗೋಡೆಗಳನ್ನು ದಾಟಿ, ಸುಮಾರು 75 ಅಡಿ ದೂರದ ಕೋಣೆಯಲ್ಲಿ ಗಂಟೆ ಬಾರಿಸಿದವು. ಸಿಡಿಮದ್ದನ್ನೂ ಹೊತ್ತಿಸಿದವು. ನಡುವೆ ತಂತಿಯೇ ಇರಲಿಲ್ಲ. ಯೋಚಿಸಿ ನೋಡಿ: ದೂರದ ವಸ್ತುವೊಂದು ತಂತಿಯಿಲ್ಲದೆ ಅಪ್ಪಣೆ ಪಾಲಿಸಿತು. ಇಂದಿನ ರಿಮೋಟ್ ಮಾಡುವುದೂ ಇದನ್ನೇ ಅಲ್ಲವೇ?

ದಣಿದ ಗ್ರಾಹಕ

ಬಂದ ಅಲೆಯನ್ನು ಗುರುತಿಸಲು ಆಗ ಒಂದು ಗಾಜಿನ ಕೊಳವೆ ಬಳಸುತ್ತಿದ್ದರು. ಅದರಲ್ಲಿ ಲೋಹದ ಪುಡಿ ಇರುತ್ತಿತ್ತು. ಸಾಮಾನ್ಯವಾಗಿ ಈ ಪುಡಿಯ ಮೂಲಕ ವಿದ್ಯುತ್ ಹರಿಯುವುದು ಕಷ್ಟ. ಅಲೆ ತಾಕಿದೊಡನೆ ಕಣಗಳು ಒಂದಕ್ಕೊಂದು ಅಂಟಿ ದಾರಿಯಾಗುತ್ತವೆ, ವಿದ್ಯುತ್ ಹರಿಯುತ್ತದೆ. ತೊಂದರೆ ಇರುವುದು ಆಮೇಲೆ. ಅಂಟಿದ ಕಣಗಳು ಅಂಟಿಯೇ ಉಳಿಯುತ್ತವೆ. ಕೊಳವೆಯನ್ನು ಮೆಲ್ಲಗೆ ತಟ್ಟಿ ಕಣಗಳನ್ನು ಬಿಡಿಸುವವರೆಗೆ ಎರಡನೆಯ ಕರೆ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ 1898ರಲ್ಲಿ ನಿಕೊಲಾ ಟೆಸ್ಲಾ ಪುಟ್ಟ ದೋಣಿಯೊಂದನ್ನು ಇಂಥ ಅಲೆಗಳಿಂದಲೇ ನಡೆಸಿ ತೋರಿಸಿದರು. ಅದರಲ್ಲೂ ಲೋಹದ ಪುಡಿಯ ಗ್ರಾಹಕವಿತ್ತು. ಪ್ರತಿ ಕರೆಯ ನಂತರ ಅದು ತಾನೇ ತಿರುಗಿ ಪುಡಿ ಬಿಡಿಯಾಗುವ ಏರ್ಪಾಡು ಮಾಡಿದ್ದರು.

ಬೋಸರು ಪುಡಿಯ ಬದಲು ಸಣ್ಣ ಸ್ಪ್ರಿಂಗುಗಳನ್ನು ಸಾಲಾಗಿ ಒತ್ತಿಟ್ಟು ಹೆಚ್ಚು ನಂಬಬಹುದಾದ ಗ್ರಾಹಕ ಮಾಡಿದರು. 1899ರಲ್ಲಿ ಕಬ್ಬಿಣ ಮತ್ತು ಪಾದರಸದ ಗ್ರಾಹಕವನ್ನು ವಿವರಿಸಿದರು. ಅದನ್ನು ತಟ್ಟಬೇಕಾಗಿರಲಿಲ್ಲ. ಗೆಲಿನಾ ಎಂಬ ಸೀಸದ ಅದಿರಿನ ಹರಳಿನಿಂದ ಮಾಡಿದ ಗ್ರಾಹಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ಈ ಕೆಲಸದ ನಡುವೆ ಅವರು ಒಂದು ವಿಚಿತ್ರ ಕಂಡರು. ಬಹಳ ಹೊತ್ತು ಬಳಸಿದ ಗ್ರಾಹಕ ಮಂದವಾಗುತ್ತಿತ್ತು. ಸ್ವಲ್ಪ ಬಿಡುವು ಕೊಟ್ಟರೆ ಮತ್ತೆ ಚುರುಕಾಗುತ್ತಿತ್ತು. ದಣಿದ ಸ್ನಾಯುವಿನಂತೆ! ಬೇರೆ ಯಾರಾದರೂ ಅದನ್ನು ಬದಿಗಿಟ್ಟು ಹೊಸದನ್ನು ತರುತ್ತಿದ್ದರೇನೋ. ಬೋಸರು ಆ ದೋಷವನ್ನೇ ಅಳೆದು ರೇಖೆಯಾಗಿ ಬರೆದರು. ಲೋಹ ಹೀಗೆ ವರ್ತಿಸಿದರೆ ಗಿಡಗಳು ಹೇಗೆ ವರ್ತಿಸುತ್ತವೆ ಎಂಬ ಪ್ರಶ್ನೆ ಎದ್ದಿತು. ಅಲ್ಲಿಂದ ಅವರ ಹಾದಿ ಸಸ್ಯಗಳತ್ತ ತಿರುಗಿತು.

ರೈಲು ಓಡದಿದ್ದರೆ

ನಿಮ್ಮ ರೈಲಿಗೂ ಇದೇ ವಿಧಾನ ಅನ್ವಯಿಸಿ. ಕರೆ ಹೋಗುವ ದಾರಿಯಲ್ಲಿ ನಾಲ್ಕು ಠಾಣೆಗಳಿವೆ: ರಿಮೋಟ್, ನಡುವಿನ ಜಾಗ, ಎಂಜಿನ್ನಿನ ಗ್ರಾಹಕ, ಮೋಟಾರು. ಕರೆ ಎಲ್ಲಿ ನಿಂತಿದೆ ಎಂದು ಒಂದೊಂದಾಗಿ ನೋಡಿ.

1. ಮೊದಲು ಬ್ಯಾಟರಿ. ರಿಮೋಟ್ ಮತ್ತು ಎಂಜಿನ್ ಎರಡರಲ್ಲೂ ಧನ, ಋಣ ತುದಿಗಳು ಸರಿಯಾಗಿವೆಯೇ? ಸ್ಪ್ರಿಂಗಿಗೆ ತುಕ್ಕು ಹಿಡಿದಿದ್ದರೆ ಒಣ ಬಟ್ಟೆಯಿಂದ ಒರೆಸಿ.

2. ಕೆಲವು ರಿಮೋಟುಗಳು ರೇಡಿಯೊ ಅಲೆ ಕಳಿಸುತ್ತವೆ, ಕೆಲವು ಅವಕೆಂಪು ಕಿರಣ ಕಳಿಸುತ್ತವೆ. ಅವಕೆಂಪು ಕಿರಣ ಗೋಡೆ ದಾಟುವುದಿಲ್ಲ. ಆದ್ದರಿಂದ ಅಡ್ಡವಿರುವುದನ್ನು ಸರಿಸಿ, ಹತ್ತಿರದಿಂದ ಒತ್ತಿ ನೋಡಿ. ಹಲವು ಮೊಬೈಲುಗಳ ಕ್ಯಾಮೆರಾದಲ್ಲಿ ಈ ಕಿರಣ ಮಿನುಗುವುದು ಕಾಣುತ್ತದೆ.

3. ಬ್ಯಾಟರಿಯ ಎಂಜಿನ್ನನ್ನು ಹಳಿಯಿಂದ ಎತ್ತಿ ಹಿಡಿದು ಗುಂಡಿ ಒತ್ತಿ. ಚಕ್ರ ತಿರುಗಿದರೆ ಕರೆ ಮೋಟಾರಿನವರೆಗೆ ತಲುಪುತ್ತಿದೆ, ತೊಡಕು ಹಳಿಯಲ್ಲಿರಬಹುದು. ಮೋಟಾರಿನ ಸದ್ದು ಬಂದರೂ ಚಕ್ರ ತಿರುಗದಿದ್ದರೆ ಅಚ್ಚಿಗೆ ಕೂದಲು, ದಾರ ಸುತ್ತಿದೆಯೇ ನೋಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ. ಮನೆಯ ಕರೆಂಟಿನ ಪ್ಲಗ್ಗಿಗೆ ಎಂದೂ ಕೈ ಹಾಕಬೇಡಿ.

ಗಿಡಗಳ ಉತ್ತರ

ಮುಟ್ಟಿದರೆ ಮುನಿ ಗಿಡದ ಎಲೆ ಮಡಚುವಾಗ ಅದರೊಳಗೆ ವಿದ್ಯುತ್ ಸಂಕೇತ ಹರಿಯುತ್ತದೆಂದು ಬೋಸರು ಪ್ರಯೋಗಗಳಿಂದ ತೋರಿಸಿದರು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೊಗ್ರಾಫ್ ಎಂಬ ಯಂತ್ರ ಮಾಡಿದರು. ಅವರ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಲೋಹದ ದಣಿವು ಜೀವಿಗಳ ದಣಿವಿನಂಥದಲ್ಲ ಎಂದು ಇಂದು ನಮಗೆ ಗೊತ್ತು. ಆದರೆ ಗಿಡಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುವುದು ನಿಜವೆಂದು ಆಮೇಲಿನ ಸಂಶೋಧನೆಗಳೂ ತೋರಿಸಿವೆ.

1917ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ, ಅವರು ಕಲ್ಕತ್ತದಲ್ಲಿ ಬೋಸ್ ಸಂಸ್ಥೆ ಸ್ಥಾಪಿಸಿದರು. 1920ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. ಅವರು ಮಾಡಿಸಿದ ಉಪಕರಣಗಳನ್ನು ಬೋಸ್ ಸಂಸ್ಥೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.