ಕಾಲರಾ, ಪ್ಲೇಗಿಗೆ ಲಸಿಕೆ ಕೊಟ್ಟ ಹಾಫ್ಕಿನ್

1898ರಲ್ಲಿ ನಮ್ಮ ಹುಬ್ಬಳ್ಳಿಗೆ ಪ್ಲೇಗು ಬಡಿಯಿತು. ಆಗ ಇಲ್ಲಿನ ಸಾವಿರಾರು ಜನ ಸೂಜಿ ಚುಚ್ಚಿಸಿಕೊಳ್ಳಲು ಮುಂದೆ ಬಂದರು. ಆ ಲಸಿಕೆಯನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್ಕಿನ್. ಅವರ ಬಳಿ ವೈದ್ಯಕೀಯ ಪದವಿಯೇ ಇರಲಿಲ್ಲ!

ಹಾಫ್ಕಿನ್ 1860ರ ಮಾರ್ಚ್ 15ರಂದು ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದರು. ಪ್ರಾಣಿಶಾಸ್ತ್ರ ಓದಿದರು. ಮತಾಂತರಕ್ಕೆ ಒಪ್ಪದ ಕಾರಣ ರಷ್ಯಾದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಅಲ್ಲಿ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಅದನ್ನು ಮಾಡುತ್ತಲೇ ಸಂಶೋಧನೆಗೆ ಇಳಿದರು.

ಅವರು ಮೊದಲು ಕೈಗೆತ್ತಿಕೊಂಡದ್ದು ಕಾಲರಾ. ಕೆಟ್ಟ ನೀರಿನಿಂದ ಕರುಳು ಸೇರುವ ಈ ರೋಗಾಣು ವಾಂತಿಭೇದಿ ತಂದು, ಮೈಯ ನೀರನ್ನೆಲ್ಲ ಬಸಿದು, ಕೆಲವೇ ತಾಸುಗಳಲ್ಲಿ ಜೀವ ತೆಗೆಯಬಲ್ಲದು. 1892ರ ಜುಲೈ 18ರಂದು ಹಾಫ್ಕಿನ್ ತಮ್ಮ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು, ಎರಡೂವರೆ ವರ್ಷಗಳಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಒಂದೇ ಮನೆಯಲ್ಲಿ ಲಸಿಕೆ ಪಡೆದವರು ಎಷ್ಟು, ಪಡೆಯದವರು ಎಷ್ಟು, ರೋಗ ಯಾರಿಗೆ ಬಂತು ಎಂದು ಲೆಕ್ಕ ಇಟ್ಟರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಸರಕಾರ ಅವರನ್ನೇ ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ದುಡಿದು ಲಸಿಕೆ ಸಿದ್ಧಪಡಿಸಿದರು. 1897ರ ಜನವರಿ 10ರಂದು ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ವೈದ್ಯಾಧಿಕಾರಿ ಲ್ಯೂಮನ್ ಈ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿಸಿದರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 107 ಜನರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ತನಿಖೆಯ ಆಯೋಗ ಪ್ರಯೋಗಾಲಯದ ಮೇಲೆ ತಪ್ಪು ಹೊರಿಸಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡರು. ಆದರೆ ಸತ್ತವರೆಲ್ಲರೂ ಒಂದೇ ಬಾಟಲಿಯ ಲಸಿಕೆ ಪಡೆದವರು. ಉಳಿದ ಬಾಟಲಿಗಳಿಂದ ಯಾರಿಗೂ ಏನೂ ಆಗಿರಲಿಲ್ಲ. ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು; ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರ ನಿಂತರು. 1907ರಲ್ಲಿ ಕಳಂಕ ಕಳೆಯಿತು. ಅವರು ಕೋಲ್ಕತ್ತಕ್ಕೆ ಮರಳಿದರೂ, ಅತಿ ಮುಖ್ಯವಾದ ವರ್ಷಗಳು ಕಳೆದುಹೋಗಿದ್ದವು.

1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರು ಇಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಹಾಫ್ಕಿನ್ ನಿಧನರಾದರು.

ನನ್ನ ಸಾಫ್ಟ್‌ವೇರ್ ವೃತ್ತಿಯಲ್ಲಿಯೂ ಏನಾದರೂ ಕೆಟ್ಟರೆ ಮೊದಲು ಒಬ್ಬರ ಮೇಲೆ ಬೆರಳು ತೋರಿಸುವುದು ಸುಲಭ. ದೋಷ ಎಲ್ಲಿದೆ ಎಂದು ಹುಡುಕುವುದು ಕಷ್ಟ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ನಿಂತಿರುವ ವಿದ್ಯಾರ್ಥಿಗಳು ಆ ಕಷ್ಟದ ದಾರಿಯನ್ನೇ ಹಿಡಿಯಲಿ.