ಮಾಗಿಯ ದಾರಿಯ ಜಂಗಮ: ಪಾದ್ರಿ ಜೋಸೆಫ್ ವಾಜ್

ಮಂಗಳೂರು ನಗರದ ದಕ್ಷಿಣದ ಅಂಚಿನಲ್ಲಿ, ನೇತ್ರಾವತಿಯ ಬಲದಂಡೆಯ ಕಡೆಗೆ ಜೆಪ್ಪು ಇದೆ. ಯೇಸುಸಭೆಯ ಗುರುಗಳು ೧೮೭೯ರಲ್ಲಿ ಮಂಗಳೂರಿನಲ್ಲಿ ಪ್ರಾರಂಭಿಸಿದ ಸಂತ ಜೋಸೆಫರ ಸೆಮಿನರಿ ಇರುವುದು ಇಲ್ಲಿಯೇ. ಕರಾವಳಿಯ ಎಷ್ಟೋ ತಲೆಮಾರಿನ ಪಾದ್ರಿಗಳು ಇಲ್ಲಿ ಓದಿ ದೀಕ್ಷೆ ಪಡೆದಿದ್ದಾರೆ. ಜೆಪ್ಪುವಿನಿಂದ ಹೊಳೆ ದಾಟಿ ತೆಂಕಣಕ್ಕೆ ಹೊರಟರೆ ತೊಕ್ಕೊಟ್ಟು. ಅಲ್ಲಿಂದ ಒಳನಾಡಿಗೆ ತಿರುಗಿದರೆ ಮುರಕಲ್ಲಿನ ಗುಡ್ಡಗಳು. ಆ ಗುಡ್ಡಗಳ ನಡುವೆ ಮುಡಿಪು. ಮಳೆ ಹಿಂದೆಗೆದು ಬಿಸಿಲು ಇನ್ನೂ ಬಲಿಯದ ಮಾಗಿಯ ದಿನಗಳಲ್ಲಿ ಈ ದಾರಿ ಕಾಲ್ನಡಿಗೆಗೆ ಹಿತವಾದುದು. ಬಸ್ಸುಗಳಿರುವ ಈ ಕಾಲದಲ್ಲಿಯೂ ಮುಡಿಪಿನ ಯಾತ್ರೆಯನ್ನು ನಡೆದೇ ಪೂರೈಸುವ ಭಕ್ತರುಂಟು. ಸೆಮಿನರಿಗೆ ಹೆಸರಾದ ಜೋಸೆಫರು ನಜರೇತಿನ ಬಡಗಿ. ಮುಡಿಪಿನ ಗುಡ್ಡದಲ್ಲಿ ಪೂಜ್ಯರಾಗಿರುವ ಜೋಸೆಫರು ಮುನ್ನೂರು ವರ್ಷಗಳಿಗೂ ಹಿಂದೆ ಇದೇ ಕರಾವಳಿಯನ್ನು ನಡೆದು ಅಳೆದ ಕೊಂಕಣಿ ಪಾದ್ರಿ. ಅವರನ್ನು ನೆನೆಯಲು ನಡಿಗೆಗಿಂತ ತಕ್ಕ ವಿಧಾನ ಬೇರೆ ಇರಲಾರದು.

ಜೋಸೆಫ್ ವಾಜರು ಹುಟ್ಟಿದ್ದು ೧೬೫೧ರ ಏಪ್ರಿಲ್ ೨೧ರಂದು, ಗೋವೆಯ ಬೆಣಾವಲಿಯಲ್ಲಿ, ತಾಯಿಯ ತವರಿನಲ್ಲಿ. ತಂದೆಯ ಊರು ಸಾಂಕವಾಳ. ಊರಿನ ಶಾಲೆಯಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಲ್ಯಾಟಿನನ್ನೂ ಕಲಿತ ಬಾಲಕ ಮುಂದೆ ಗೋವೆಯ ವಿದ್ಯಾಪೀಠಗಳಲ್ಲಿ ದರ್ಶನಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿ, ೧೬೭೬ರಲ್ಲಿ ಗುರುದೀಕ್ಷೆ ಪಡೆದರು. ಆ ಕಾಲದ ಗೋವೆಯಲ್ಲಿ ಪಾದ್ರಿಯ ನಿಲುವಂಗಿಗೆ ದೊರೆಯುತ್ತಿದ್ದ ಮನ್ನಣೆ ಸಣ್ಣದಲ್ಲ. ತರುಣ ಪಾದ್ರಿಯಾದರೋ ಬಡವರಂತೆ ಬರಿಗಾಲಲ್ಲಿ ಓಡಾಡತೊಡಗಿದರು. ಮರುವರ್ಷ, ೧೬೭೭ರ ಆಗಸ್ಟ್ ೫ರಂದು, ಸಾಂಕವಾಳದ ಇಗರ್ಜಿಯಲ್ಲಿ ತಮ್ಮನ್ನು ಮೇರಿಮಾತೆಯ ಚಿರದಾಸನೆಂದು ಘೋಷಿಸಿಕೊಂಡು ಪತ್ರ ಬರೆದು ಸಮರ್ಪಿಸಿದರು. ಭಕ್ತಿಯ ಭರದಲ್ಲಿ ಬರೆದ ಈ ದಾಸ್ಯಪತ್ರ ಹತ್ತು ವರ್ಷಗಳ ಬಳಿಕ ಅಕ್ಷರಶಃ ನಿಜವಾಗಲಿತ್ತು.

ಅವರ ಮನಸ್ಸು ಹಂಬಲಿಸಿದ್ದು ಸಿಂಹಳಕ್ಕೆ. ಡಚ್ಚರು ೧೬೫೬ರಲ್ಲಿ ಕೊಲಂಬೊವನ್ನೂ ೧೬೫೮ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು, ಕಥೋಲಿಕ ಗುರುಗಳಿಗೆ ಆ ದ್ವೀಪದ ಬಾಗಿಲನ್ನು ಮುಚ್ಚಿದ್ದರು. ಗುರುವಿಲ್ಲದ ಆ ಜನರ ಬಳಿಗೆ ಹೋಗಬೇಕೆಂಬ ಬೇಡಿಕೆಗೆ ಗೋವೆಯ ಧರ್ಮಾಧಿಕಾರಿಗಳು ಒಪ್ಪಲಿಲ್ಲ. ೧೬೮೧ರಲ್ಲಿ ಅವರನ್ನು ಕೆನರಾ ಪ್ರಾಂತದ ಮುಖ್ಯ ಗುರುವನ್ನಾಗಿ ನೇಮಿಸಿ ಕಳುಹಿಸಿದರು. ಬಯಸಿದ್ದು ಸಿಂಹಳ, ದೊರೆತದ್ದು ಕನ್ನಡ ಕರಾವಳಿ. ವಾಜರು ಮರುಮಾತಿಲ್ಲದೆ ಹೊರಟರು.

ಆಗ ಈ ಕರಾವಳಿ ಕೆಳದಿ ಅರಸರದು. ಸಿಂಹಾಸನದಲ್ಲಿದ್ದವಳು ರಾಣಿ ಚೆನ್ನಮ್ಮಾಜಿ, ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಇತಿಹಾಸದಲ್ಲಿ ಹೆಸರಾದ ವೀರಶೈವ ರಾಣಿ. ಯುದ್ಧ, ಕ್ಷಾಮ, ತೆರಿಗೆ, ಧರ್ಮವಿಚಾರಣೆಯ ಭಯ ಮೊದಲಾದ ಕಾರಣಗಳಿಂದ ಗೋವೆಯನ್ನು ಬಿಟ್ಟುಬಂದ ಕೊಂಕಣಿ ಕ್ರೈಸ್ತ ಕುಟುಂಬಗಳು ಅವಳ ರಾಜ್ಯದಲ್ಲಿ ಗದ್ದೆ ಮಾಡಿ, ತೆಂಗು ನೆಟ್ಟು ನೆಲೆ ನಿಂತಿದ್ದವು. ನೆಲ ದೊರೆತಿತ್ತು, ಗುರುಗಳು ಸಾಲದಾಗಿದ್ದರು.

ಇಂಥ ಜನರನ್ನು ಕಾಣಬೇಕಾದರೆ ನಡೆಯಲೇಬೇಕು. ಗೋವೆಯಿಂದ ಮಂಗಳೂರಿನವರೆಗಿನ ದಾರಿಯೆಂದರೆ ಹೊಳೆಗಳ ಸಾಲು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಭಟ್ಕಳವನ್ನು ದಾಟಿದ ಮೇಲೆ ಗಂಗೊಳ್ಳಿಯಲ್ಲಿ ಒಂದಾಗಿ ಕಡಲು ಸೇರುವ ಐದು ಹೊಳೆಗಳು, ಮುಂದೆ ಸೀತಾ, ಸ್ವರ್ಣಾ, ಶಾಂಭವಿ, ಗುರುಪುರ ಹೊಳೆ, ಕೊನೆಗೆ ನೇತ್ರಾವತಿ. ಪ್ರತಿಯೊಂದು ಕಡವಿನಲ್ಲಿಯೂ ಅಂಬಿಗನ ದೋಣಿಗೆ ಕಾಯಬೇಕು. ಆಷಾಢ ಶ್ರಾವಣಗಳಲ್ಲಿ ಈ ಹೊಳೆಗಳು ಕೆಂಪಾಗಿ ಉಕ್ಕಿ ಹರಿಯುವಾಗ ದಾರಿಯೆಂಬುದೇ ಇಲ್ಲ. ದೀಪಾವಳಿ ಕಳೆದು ನೀರು ತಿಳಿಯಾಗಿ, ಕೊಯ್ಲಾದ ಗದ್ದೆಯ ಹುಣಿಗಳು ಗಟ್ಟಿಯಾದ ಮೇಲೆಯೇ ಪಯಣಿಗನ ಋತು. ಇಗರ್ಜಿಯ ಪಂಚಾಂಗದಲ್ಲಿಯೂ ಇದೇ ಹಬ್ಬದ ಕಾಲ: ಕ್ರಿಸ್ತಜಯಂತಿಗೆ ಮುಂಚಿನ ಸಿದ್ಧತೆಯ ವಾರಗಳು, ಕ್ರಿಸ್ತಜಯಂತಿ, ಅನಂತರ ತಪಸ್ಸುಕಾಲ. ಹೊಳೆಗಳು ದಾರಿ ಬಿಡುವಾಗಲೇ ಜನರಿಗೂ ಗುರು ಹೆಚ್ಚಾಗಿ ಬೇಕಾಗುತ್ತಿದ್ದುದು. ಹೊನ್ನಾವರ, ಗಂಗೊಳ್ಳಿ, ಕುಂದಾಪುರ, ಬಸರೂರು, ಬಾರಕೂರು, ಕಲ್ಯಾಣಪುರ, ಮೂಲ್ಕಿ, ಮಂಗಳೂರು ಎಂದು ಇಗರ್ಜಿಯಿಂದ ಇಗರ್ಜಿಗೆ ಹಬ್ಬಿದ ಈ ದಾರಿಯಲ್ಲಿ ವಾಜರು ಮೂರು ವರ್ಷ ದುಡಿದರು. ಮಕ್ಕಳಿಗೆ ಶಾಲೆ, ಊರಿನವರಿಗೆ ಭಕ್ತಸಂಘ, ರೋಗಿಗೆ ಕೊನೆಯ ಸಂಸ್ಕಾರ, ಸಾಲದಲ್ಲಿ ಮುಳುಗಿದವರಿಗೆ ನೆರವು, ಇವು ಅವರ ನಿತ್ಯದ ಕೆಲಸಗಳು.

ಆದರೆ ಎಲ್ಲಕ್ಕಿಂತ ಕಠಿನವಾದ ಹೊಳೆ ಮಂಗಳೂರಿನಲ್ಲಿ ಎದುರಾಯಿತು. ಅದನ್ನು ದಾಟಿಸುವ ದೋಣಿ ಯಾವ ಕಡವಿನಲ್ಲಿಯೂ ಇರಲಿಲ್ಲ. ಪೂರ್ವದೇಶಗಳ ಇಗರ್ಜಿಗಳ ಮೇಲೆ ತನ್ನದೇ ಅಧಿಕಾರವೆಂದು ಪೋರ್ಚುಗಲಿನ ದೊರೆ ಹೇಳುತ್ತಿದ್ದ. ರೋಮಿನ ಧರ್ಮಪ್ರಚಾರ ಸಭೆ ತನ್ನದೇ ಪ್ರತಿನಿಧಿಗಳನ್ನು ನೇಮಿಸುತ್ತಿತ್ತು. ರೋಮಿನ ಪರವಾಗಿ ಬಂದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರೂ ಗೋವೆಯ ಮಗನೇ. ರಾಣಿ ಚೆನ್ನಮ್ಮಾಜಿ ಕೊಟ್ಟ ನೆಲದಲ್ಲಿ ಅವರು ೧೬೮೦ರಲ್ಲಿ ಮಿಲಾಗ್ರಿಸ್ ಇಗರ್ಜಿಯನ್ನು ಸ್ಥಾಪಿಸಿದ್ದರು. ಅತ್ತ ೧೫೬೮ರಿಂದ ಇದ್ದ ರೊಜಾರಿಯೊ ಇಗರ್ಜಿ ಪೋರ್ಚುಗೀಸ್ ಪಕ್ಷದ್ದು. ಇಂದು ಜೆಪ್ಪುವಿನಿಂದ ಹೊರಟವನು ಈ ಎರಡನ್ನೂ ಒಂದೇ ಬೆಳಗ್ಗೆ ನಡೆದು ನೋಡಿಬರಬಹುದು. ಅಂದು ಅವೆರಡರ ನಡುವಿನ ದೂರ ಲಿಸ್ಬನ್ನಿಗೂ ರೋಮಿಗೂ ನಡುವಿನ ದೂರವಾಗಿತ್ತು. ಯಾರ ಕೈಯ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂಬ ಪ್ರಶ್ನೆ ಬಡ ಒಕ್ಕಲಿನ ಮನೆಯ ಮದುವೆಯನ್ನೂ ಮರಣಶಯ್ಯೆಯನ್ನೂ ಕಾಡಿತು.

ವಾಜರು ಗೋವೆಯ ಪಕ್ಷದ ಅಧಿಕಾರಿಯಾಗಿಯೇ ಬಂದವರು. ಹಟ ಹಿಡಿದಿದ್ದರೆ ಜಗಳ ಬೆಳೆಯುತ್ತಿತ್ತು. ಕೈಬಿಟ್ಟಿದ್ದರೆ ಒಪ್ಪಿಸಿದ ಕೆಲಸಕ್ಕೆ ದ್ರೋಹವಾಗುತ್ತಿತ್ತು. ಅವರು ಮೇಲಿನವರಿಗೆ ವಿಧೇಯರಾಗಿದ್ದುಕೊಂಡೇ ಬಿಷಪ್ಪರನ್ನು ಗೌರವದಿಂದ ಕಂಡು, ರೋಮಿನಿಂದ ನಿರ್ಣಯ ಬರುವವರೆಗೆ ಜನರ ಆತ್ಮಶಾಂತಿ ಕೆಡದಂತೆ ಸಂಧಾನಕ್ಕೆ ಯತ್ನಿಸಿದರು. ವಿವಾದ ಅವರಿಂದ ಮುಗಿಯಲಿಲ್ಲ. ಮುಂದೆ ಬಹುಕಾಲ ಅದು ಹೊಗೆಯಾಡಿತು. ಆದರೆ ಅಧಿಕಾರದ ಕಲಹದಲ್ಲಿ ಸಾಮಾನ್ಯನ ಭಕ್ತಿ ನುಚ್ಚುನೂರಾಗಬಾರದೆಂಬ ಎಚ್ಚರವನ್ನು ಅವರು ಬಿಟ್ಟುಕೊಡಲಿಲ್ಲ. ಮುಡಿಪಿನ ನೆನಪು ಈ ಮೂರು ವರ್ಷಗಳದೇ. ಅಲ್ಲಿಯ ಗುಡ್ಡದ ನೀರಿನ ಒರತೆಯೊಡನೆ ಅವರ ಹೆಸರನ್ನು ಬೆಸೆದ ಐತಿಹ್ಯವುಂಟು. ಅದನ್ನು ಚರಿತ್ರೆಯ ತಕ್ಕಡಿಯಲ್ಲಿ ತೂಗುವುದು ಬೇಡ. ನಡೆದು ಬಂದವನನ್ನು ಜನ ನೀರಿನ ರೂಪದಲ್ಲಿ ನೆನೆದರೆಂಬುದೇ ಸಾಕು.

೧೬೮೪ರಲ್ಲಿ ಗೋವೆಗೆ ಮರಳಿದ ವಾಜರು, ಮರುವರ್ಷ ಪವಾಡ ಶಿಲುಬೆಯ ಇಗರ್ಜಿಯಲ್ಲಿ ಒಂದುಗೂಡಿದ್ದ ದೇಶೀಯ ಗುರುಗಳ ಕೂಟವನ್ನು ಸೇರಿದರು. ಯುರೋಪಿನ ಸಂನ್ಯಾಸಿಸಂಘಗಳು ನಾಡಿನ ಮಕ್ಕಳಿಗೆ ಬಾಗಿಲು ತೆರೆಯದಿದ್ದ ಆ ಕಾಲದಲ್ಲಿ ಇದೊಂದು ದಿಟ್ಟ ಹೆಜ್ಜೆ. ಕೂಟಕ್ಕೆ ಅವರೇ ಹಿರಿಯರಾದರು; ಅದಕ್ಕೊಂದು ನಿಯಮವಾಯಿತು, ಓರೆಟರಿ ಎಂಬ ಹೆಸರಾಯಿತು. ನೆಲೆ ನಿಂತ ಕೂಡಲೆ ಅವರ ಮನಸ್ಸು ಮತ್ತೆ ದಾರಿಯ ಕಡೆಗೆ ತಿರುಗಿತು.

೧೬೮೬ರಲ್ಲಿ ಅವರು ಸಿಂಹಳಕ್ಕೆ ಹೊರಟರು. ಮಠದ ಹಿರಿತನ ಹಿಂದೆ ಉಳಿಯಿತು. ಪರಿಚಿತವಾದ ಕನ್ನಡ ಕರಾವಳಿಯನ್ನು ಮತ್ತೊಮ್ಮೆ ಹಾದು, ಮಲಬಾರಿನ ಉದ್ದಕ್ಕೂ ಸಾಗಿ, ಸೇವಕ ಜುವಾಂವನೊಬ್ಬನನ್ನೇ ಜೊತೆಗಿರಿಸಿಕೊಂಡು ತೂತ್ತುಕುಡಿಯನ್ನು ಸೇರಿದರು. ಪಾದ್ರಿಯ ನಿಲುವಂಗಿಯಲ್ಲಿ ಹೋದರೆ ಡಚ್ಚರ ಸೆರೆ. ಆದುದರಿಂದ ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿ ಕೂಲಿಯ ವೇಷ ತೊಟ್ಟರು. ಸಾಂಕವಾಳದಲ್ಲಿ ದಾಸನೆಂದು ಬರೆದುಕೊಟ್ಟವರು ಈಗ ದಾಸನ ಉಡುಗೆಯಲ್ಲಿಯೇ ಕಡಲು ದಾಟಿದರು. ೧೬೮೭ರಲ್ಲಿ ಜಾಫ್ನಾದ ನೆಲ ಮುಟ್ಟಿದಾಗ ಆಮಶಂಕೆಯಿಂದ ಸಾವಿನ ಬಾಗಿಲಿಗೆ ಬಂದಿದ್ದರು. ಚೇತರಿಸಿಕೊಂಡು ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಕಣ್ಣು ಮಿನುಗುವುದೋ ಅವರೇ ಅಡಗಿ ಬದುಕುತ್ತಿದ್ದ ಕಥೋಲಿಕರೆಂದು ಅರಿತರು. ಭಿಕ್ಷುಕನಲ್ಲಿ ಗುರುವನ್ನು ಗುರುತಿಸಿದ ಜನರು ರಾತ್ರಿಯ ಹೊತ್ತು ಅವರ ಸುತ್ತ ಸೇರಿದರು.

ಮುಂದಿನದು ಸಿಂಹಳದ ಚರಿತ್ರೆ. ೧೬೮೯ರ ಕ್ರಿಸ್ತಜಯಂತಿಯ ರಾತ್ರಿ ಡಚ್ಚರು ದಾಳಿ ಮಾಡಿ ಅನೇಕರನ್ನು ಹಿಡಿದರು, ವಾಜರು ತಪ್ಪಿಸಿಕೊಂಡರು. ಪುತ್ತಳಂ ದಾರಿಯಾಗಿ ೧೬೯೨ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಬೇಹುಗಾರನೆಂಬ ಆರೋಪದ ಮೇಲೆ ಸೆರೆಯಾದರು. ಸೆರೆಯಲ್ಲಿ ಸಿಂಹಳಿ ಕಲಿತರು. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಕ್ರಮೇಣ ಅವರ ಸಾಧುತ್ವವನ್ನು ಕಂಡು ಸ್ವಾತಂತ್ರ್ಯವಿತ್ತನು. ೧೬೯೭ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಬಂಧುಗಳೇ ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದಾಗ, ವಾಜರು ಮತಭೇದವೆಣಿಸದೆ ರೋಗಿಗಳ ಹುಣ್ಣು ತೊಳೆದು, ಉಣಿಸಿ, ಸತ್ತವರನ್ನು ಮಣ್ಣುಮಾಡಿದರು. ಬಿಷಪ್ ಪದವಿಯ ಮಾತು ಬಂದಾಗ ಬೇಡವೆಂದರು. ೧೭೧೧ರ ಜನವರಿ ೧೬ರಂದು, ಮಾಗಿಯಲ್ಲಿಯೇ, ಕ್ಯಾಂಡಿಯಲ್ಲಿ ಅವರ ನಡಿಗೆ ನಿಂತಿತು. ಅವರ ಸಮಾಧಿಯ ಗುರುತು ಇಂದು ಉಳಿದಿಲ್ಲ.

ಅವರ ಹಿಂದೆ ಕನ್ನಡ ಕರಾವಳಿಯ ಇಗರ್ಜಿಗಳೂ ಉಳಿಯಲಿಲ್ಲ. ೧೭೮೪ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಅವುಗಳಲ್ಲಿ ಹೆಚ್ಚಿನವು ನೆಲಸಮವಾದವು. ಜನರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದರು. ೧೭೯೯ರ ಬಳಿಕ ಉಳಿದವರು ಮರಳಿ ಬಂದು ಹೊಸದಾಗಿ ಕಟ್ಟಿಕೊಂಡರು. ಕಲ್ಲಿನಲ್ಲಿ ಕಟ್ಟಿದ್ದು ಬಿದ್ದಿತು, ಕಾಲಿನಿಂದ ತುಳಿದ ದಾರಿ ಅಳಿಯಲಿಲ್ಲ. ವಾಜರನ್ನು ೧೯೯೫ರ ಜನವರಿ ೨೧ರಂದು ಪೋಪ್ ಎರಡನೆಯ ಜಾನ್ ಪಾಲರು ಪುನೀತರೆಂದೂ, ೨೦೧೫ರ ಜನವರಿ ೧೪ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಘೋಷಣೆಗೆ ಕಾಯದೆ ಮುಡಿಪಿನ ಜನ ಅವರನ್ನು ಎಂದೋ ತಮ್ಮವರನ್ನಾಗಿ ಮಾಡಿಕೊಂಡಿದ್ದರು.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳ ಅಂತರವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಜಂಗಮರಿಗೆ ಮಣಿಯುತ್ತಿದ್ದ ರಾಣಿಯ ರಾಜ್ಯದಲ್ಲಿ ಈ ಪಾದ್ರಿ ನಡೆದಾಡಿದ್ದು ಚರಿತ್ರೆಯ ಒಂದು ಸೊಗಸಾದ ಸಂಯೋಗ. ಕ್ರೈಸ್ತಧರ್ಮ ಈ ತೀರಕ್ಕೆ ಹಡಗಿನಲ್ಲಿ ಬಂದಾಗ ಅದರೊಡನೆ ತೋಪುಗಳೂ ಬಂದಿದ್ದವು; ಕಾಲ್ನಡಿಗೆಯಲ್ಲಿ ಬಂದಾಗ ಕೈಯಲ್ಲಿ ಜಪಸರ ಮಾತ್ರ ಇತ್ತು. ಮೊದಲನೆಯದರ ಕೋಟೆಗಳು ಪಾಳುಬಿದ್ದಿವೆ. ಎರಡನೆಯದು ಇಂದಿಗೂ ನೇತ್ರಾವತಿಯನ್ನು ದಾಟಿ, ಮಾಗಿಯ ಮಂಜಿನಲ್ಲಿ ಮುಡಿಪಿನ ಗುಡ್ಡವನ್ನು ಏರುತ್ತಿದೆ.